ಬೆಟ್ಟ ಹೊಳೆಗಳು ತೋರಿಸುವ ದಿಕ್ಕು

ದಿಕ್ಕು ಎಂಬ ಮಾತನ್ನು ಕನ್ನಡದಲ್ಲಿ ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಮೂಡಣ, ಪಡುವಣ ಮೊದಲಾದ ದೆಸೆ ಎಂಬುದು ಒಂದು. ಆಸರೆ, ಗತಿ ಎಂಬುದು ಇನ್ನೊಂದು. ‘ಅವನಿಗೆ ಯಾರೂ ದಿಕ್ಕಿಲ್ಲ’ ಎಂದರೆ ಅವನು ಅನಾಥ. ‘ದಿಕ್ಕು ತೋಚಲಿಲ್ಲ’ ಎಂದರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ‘ದಿಕ್ಕಾಪಾಲಾದರು’ ಎಂದರೆ ಒಬ್ಬೊಬ್ಬರು ಒಂದೊಂದು ಕಡೆಗೆ ಚೆದರಿಹೋದರು. ತಾನು ನಿಂತ ನೆಲದ ಯಾವ ಕಡೆಗೆ ಏನಿದೆ ಎಂದು ತಿಳಿಯದವನು ಆಸರೆ ಇಲ್ಲದವನೇ ಸರಿ ಎಂದು ಈ ಮಾತನ್ನು ರೂಢಿಗೆ ತಂದವರು ಬಗೆದಿರಬೇಕು.

ಇದರ ಜೊತೆಗೆ ಇನ್ನೊಂದು ಮಾತನ್ನೂ ನೋಡಿ. ‘ಸೀಮೆ’ ಎಂಬುದು ಸಂಸ್ಕೃತದಿಂದ ಬಂದ ಪದ. ಮೂಲದಲ್ಲಿ ಅದಕ್ಕೆ ಎಲ್ಲೆ, ಮೇರೆ, ಗಡಿ ಎಂದು ಅರ್ಥ. ಸೀಮೋಲ್ಲಂಘನ ಎನ್ನುವಾಗ ಆ ಅರ್ಥ ಹಾಗೆಯೇ ಉಳಿದಿದೆ. ಆದರೆ ಬಯಲುಸೀಮೆ, ಮೈಸೂರು ಸೀಮೆ ಎನ್ನುವಾಗ ಅದು ಗಡಿಯಲ್ಲ, ಗಡಿಯೊಳಗಿನ ನಾಡು. ಎಲ್ಲೆಯ ಹೆಸರೇ ನಾಡಿನ ಹೆಸರಾಯಿತು. ಎಲ್ಲೆ ಇದ್ದರೆ ನಾಡು, ಎಲ್ಲೆ ಕಂಡರೆ ದಿಕ್ಕು. ಈ ಎರಡು ಮಾತುಗಳನ್ನು ಹತ್ತಿರ ಹತ್ತಿರ ಇಟ್ಟುಕೊಂಡು ನಮ್ಮ ಇಂದಿನ ವಿಚಾರವನ್ನು ತೊಡಗಬಹುದು.

ದಿಕ್ಕುಗಳನ್ನು ನಮಗೆ ಕೊಟ್ಟವನು ಸೂರ್ಯ ಎಂದು ಸಾಮಾನ್ಯವಾಗಿ ಹೇಳುವುದುಂಟು. ಕನ್ನಡದ ಮಟ್ಟಿಗೆ ಈ ಮಾತಿನಲ್ಲಿ ಬಹಳಷ್ಟು ನಿಜವಿದೆ. ‘ಮೂಡು’ ಎಂದರೆ ಹುಟ್ಟು, ಮೇಲೇಳು. ಹೊತ್ತು ಮೂಡುವ ಕಡೆ ಮೂಡಲು. ‘ಪಡು’ ಎಂದರೆ ಬೀಳು, ಮುಳುಗು. ಹೊತ್ತು ಪಡುವ ಕಡೆ ಪಡುವಲು. ಆದರೆ ಸೂರ್ಯನೊಬ್ಬನನ್ನೇ ನೆಚ್ಚಿದರೆ ತೊಂದರೆಯುಂಟು. ರಾತ್ರಿ ಅವನಿಲ್ಲ. ಮಳೆಗಾಲದ ಮಲೆನಾಡಿನಲ್ಲಿ ದಿನಗಟ್ಟಲೆ ಅವನ ಮುಖವೇ ಕಾಣುವುದಿಲ್ಲ. ಬೇಸಿಗೆಯ ನಡುಹಗಲಿನಲ್ಲಿ ನೆತ್ತಿಯ ಮೇಲೆ ನಿಂತವನು ಯಾವ ಕಡೆಯನ್ನೂ ತೋರಿಸುವುದಿಲ್ಲ. ಆಗ ಮನುಷ್ಯನು ಕದಲದಿರುವ ಗುರುತೊಂದನ್ನು ಹುಡುಕುತ್ತಾನೆ: ಬೆಟ್ಟದ ಸಾಲು, ಹೊಳೆಯ ಹರಿವು, ಕಡಲ ದಂಡೆ. ಇವು ನಿಸರ್ಗವೇ ಹಾಕಿಟ್ಟ ಎಲ್ಲೆಗಳು. ಈ ಎಲ್ಲೆಗಳು ಮನುಷ್ಯನ ದಿಕ್ಕಿನ ಅರಿವನ್ನು ಹೇಗೆ ರೂಪಿಸಿವೆ, ಆ ಅರಿವು ಮಾಸಿದರೆ ಆಗುವ ನಷ್ಟವೇನು ಎಂಬುದನ್ನು ಸ್ವಲ್ಪ ನೋಡೋಣ.

ಮೊದಲು ಸಂಸ್ಕೃತದ ಹೆಸರುಗಳನ್ನು ತೆಗೆದುಕೊಳ್ಳಿ. ಪೂರ್ವ ಎಂದರೆ ಮುಂದಣದು. ಪಶ್ಚಿಮ ಎಂದರೆ ಹಿಂದಣದು. ದಕ್ಷಿಣ ಎಂದರೆ ಬಲಗಡೆ. ಬೆಳಗಿನ ಸೂರ್ಯನಿಗೆ ಮುಖಮಾಡಿ ನಿಂತವನ ಮೈಯಿಂದ ಹುಟ್ಟಿದ ಹೆಸರುಗಳು ಇವು. ಹಾಗಾದರೆ ನಾಲ್ಕನೆಯದು ‘ಎಡ’ ಎಂದಾಗಬೇಕಿತ್ತು. ಆಗಲಿಲ್ಲ, ಅದು ‘ಉತ್ತರ’ವಾಯಿತು. ಉತ್ತರ ಎಂದರೆ ಮೇಲಣದು, ಹೆಚ್ಚು ಎತ್ತರದ್ದು. ಮೈಮೇಲೆ ಹೊದೆಯುವ ವಸ್ತ್ರಕ್ಕೆ ಉತ್ತರೀಯ ಎನ್ನುವುದಿಲ್ಲವೆ? ಅದೇ ಮಾತು. ವೇದದ ಭಾಷೆಯಲ್ಲಿ ತೆಂಕಣ ದಿಕ್ಕಿಗೆ ‘ಕೆಳಗಣದು’ ಎಂಬ ಅರ್ಥದ ಹೆಸರೂ ಉಂಟು. ಗಂಗೆ ಯಮುನೆಗಳ ಬಯಲಿನಲ್ಲಿ ನಿಂತವನಿಗೆ ಉತ್ತರವು ಮೇಲೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ; ಹಿಮಾಲಯವೇ ಅಲ್ಲಿ ನಿಂತಿದೆ, ನೀರು ಅಲ್ಲಿಂದಲೇ ಇಳಿದು ಬರುತ್ತದೆ. ಹೀಗೆ ನಾಲ್ಕು ಹೆಸರುಗಳಲ್ಲಿ ಮೂರನ್ನು ಮನುಷ್ಯನ ದೇಹವೂ ಒಂದನ್ನು ಪರ್ವತವೂ ಕೊಟ್ಟವು. ದಿನವೂ ಉತ್ತರ ದಕ್ಷಿಣ ಎಂದು ನುಡಿಯುವ ನಾವು ನಮಗೆ ತಿಳಿಯದೆಯೇ ಹಿಮಾಲಯದ ಇಳಿಜಾರನ್ನು ನುಡಿಯುತ್ತಿದ್ದೇವೆ.

ಇನ್ನು ನಮ್ಮ ನೆರೆಯ ತಮಿಳಿಗೆ ಬನ್ನಿ. ತಮಿಳಿನಲ್ಲಿ ಪಡುವಣಕ್ಕೆ ‘ಮೇರ್ಕು’, ಮೂಡಣಕ್ಕೆ ‘ಕಿಳಕ್ಕು’ ಎಂದು ಹೆಸರು. ಕನ್ನಡ ಬಲ್ಲವರ ಕಿವಿಗೆ ಇವು ಹೊರಗಿನವಲ್ಲ. ನಮ್ಮ ‘ಮೇಲು’, ‘ಕೆಳಗು’ ಎಂಬ ಮಾತುಗಳ ಒಡಹುಟ್ಟಿದವು ಇವು. ಪಡುವಣ ಎಂದರೆ ಮೇಲಿನ ಕಡೆ, ಮೂಡಣ ಎಂದರೆ ಕೆಳಗಿನ ಕಡೆ. ತಮಿಳು ನಾಡಿನ ಪಡುವಣಕ್ಕೆ ಸಹ್ಯಾದ್ರಿಯ ಸಾಲು; ಅಲ್ಲಿಂದ ನೆಲ ಮೂಡಣಕ್ಕೆ ಇಳಿಯುತ್ತದೆ; ವೈಗೈ, ತಾಮ್ರಪರ್ಣಿ ನದಿಗಳು ಆ ಇಳಿಜಾರಿನಲ್ಲಿಯೇ ಹರಿದು ಕಡಲು ಸೇರುತ್ತವೆ. ನೆಲದ ಓಟವೇ ದಿಕ್ಕಿನ ಹೆಸರಾಯಿತು.

ಇಲ್ಲಿ ಒಂದು ಸ್ವಾರಸ್ಯವುಂಟು. ಸಹ್ಯಾದ್ರಿಯನ್ನು ದಾಟಿ ಮಲೆಯಾಳ ದೇಶಕ್ಕೆ ಇಳಿಯಿರಿ. ಅಲ್ಲಿ ಬೆಟ್ಟವಿರುವುದು ಮೂಡಣಕ್ಕೆ, ಕಡಲಿರುವುದು ಪಡುವಣಕ್ಕೆ. ನೆಲದ ಇಳಿಜಾರು ಪೂರ್ತಿ ತಿರುವುಮುರುವು. ಆದರೂ ಮಲೆಯಾಳಿಗಳು ಮೂಡಣವನ್ನು ‘ಕಿಳಕ್ಕು’ ಎಂದೇ ಕರೆಯುತ್ತಾರೆ. ಮುಗಿಲು ಮುಟ್ಟುವ ಬೆಟ್ಟವನ್ನು ಎದುರಿಗೆ ಇಟ್ಟುಕೊಂಡು ಅದನ್ನು ‘ಕೆಳಗಿನ ಕಡೆ’ ಎನ್ನುವುದೆಂದರೇನು? ೧೮೫೬ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಹೊರತಂದ ಕಾಲ್ಡ್‌ವೆಲ್ ಮಹಾಶಯರು ಈ ಪದದ ಮೇಲೆ ಬೆರಳಿಟ್ಟು ತೋರಿಸಿದರು. ಈ ಮಾತು ಹುಟ್ಟಿದ್ದು ಘಟ್ಟದ ಮೂಡಣ ಮಗ್ಗುಲಿನಲ್ಲಿ. ಆಡುವ ಜನ ಘಟ್ಟವನ್ನು ದಾಟಿ ಬರುವಾಗ ಮಾತನ್ನೂ ಹೊತ್ತು ತಂದರು ಎಂಬುದು ಅವರ ವಾದ. ನೆಲ ಬದಲಾದರೂ ನಾಲಿಗೆಯ ಮೇಲೆ ಹಳೆಯ ಇಳಿಜಾರು ಉಳಿಯಿತು. ಶಾಸನವಿಲ್ಲದ ಚರಿತ್ರೆಯನ್ನು ಒಂದು ದಿಕ್ಕಿನ ಹೆಸರು ಹೇಳಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನಮ್ಮ ಕನ್ನಡದ ಮೂಡಲು ಪಡುವಲು ಎಂಬ ಹೆಸರುಗಳು ಮಾತ್ರ ಘಟ್ಟದ ಎರಡು ಮಗ್ಗುಲಲ್ಲಿಯೂ ನಿಜವಾಗಿಯೇ ಉಳಿದಿವೆ. ಕನ್ನಡನಾಡು ಘಟ್ಟದ ಮೇಲೂ ಇದೆ, ಕೆಳಗೂ ಇದೆ. ಕೋಲಾರದಲ್ಲಿ ಹೊತ್ತು ಮೂಡುವ ಕಡೆ ಯಾವುದೋ ಕುಮಟೆಯಲ್ಲಿಯೂ ಅದೇ. ಹಾಗೆಂದು ಘಟ್ಟವು ನಮ್ಮ ಮನಸ್ಸಿನಲ್ಲಿ ಗೆರೆ ಎಳೆಯದೆ ಬಿಟ್ಟಿಲ್ಲ. ಕರಾವಳಿಯವರು ಇಂದಿಗೂ ‘ಘಟ್ಟದ ಮೇಲೆ ಹೋದ’ ಎನ್ನುತ್ತಾರೆ. ಯಾವ ಊರು ಎಂಬುದನ್ನು ಆಮೇಲೆ ಕೇಳಿದರೆ ಸಾಕು. ಮೇಲಿನವರು ‘ಘಟ್ಟದ ಕೆಳಗಿನವರು’ ಎಂದು ಒಂದೇ ಮಾತಿನಲ್ಲಿ ಇಡೀ ಕರಾವಳಿಯ ಜನವನ್ನು ಹೇಳಿಬಿಡುತ್ತಾರೆ. ಶಿರಾಡಿ, ಚಾರ್ಮಾಡಿ, ಆಗುಂಬೆ, ದೇವಿಮನೆ ಇವು ಆ ಗೋಡೆಯಲ್ಲಿನ ಬಾಗಿಲುಗಳು.

ಯಕ್ಷಗಾನದ ಪ್ರಭೇದಗಳ ಹೆಸರನ್ನು ಗಮನಿಸಿ. ಘಟ್ಟದ ಕೆಳಗಿನದು ಪಡುವಲಪಾಯ, ಬಯಲುಸೀಮೆಯದು ಮೂಡಲಪಾಯ. ಕರಾವಳಿಯ ಪಡುವಲಪಾಯದಲ್ಲಿಯೇ ಮತ್ತೆ ತೆಂಕುತಿಟ್ಟು, ಬಡಗುತಿಟ್ಟು ಎಂದು ಎರಡು. ನಾಡಿನ ನಡುವೆ ಘಟ್ಟ ಹಾದುಹೋದದ್ದರಿಂದ ಮೂಡು ಪಡು ಎಂಬ ಭಾಗವಾಯಿತು. ಕಡಲಿಗೂ ಬೆಟ್ಟಕ್ಕೂ ನಡುವೆ ಉದ್ದಕ್ಕೆ ಚಾಚಿಕೊಂಡ ಕಿರಿದಾದ ನೆಲದಲ್ಲಿ ತೆಂಕು ಬಡಗು ಎಂಬ ಭಾಗವಾಯಿತು. ವೇಷ, ಚೆಂಡೆ, ಕುಣಿತಗಳ ಭೇದವನ್ನು ಹೇಳಲು ಹೊರಟವರಿಗೂ ನೆಲದ ಆಕಾರವೇ ಮಾತನ್ನು ಒದಗಿಸಿತು. ಊರ ಹೆಸರುಗಳೂ ಹಾಗೆಯೇ. ಕಡಲ ಕಡೆಗೆ ಪಡುಬಿದ್ರಿ, ಒಳನಾಡಿಗೆ ಮೂಡುಬಿದಿರೆ. ನಾಡಿನ ಇನ್ನೊಂದು ಅಂಚಿನಲ್ಲಿ ಮುಳಬಾಗಿಲು. ಅದು ಮೂಡಲ ಬಾಗಿಲು. ನೀಲಗಿರಿಯ ಬಡಗರು ಎಂದರೆ ಬಡಗಣದಿಂದ, ಅಂದರೆ ಮೈಸೂರು ಸೀಮೆಯ ಕಡೆಯಿಂದ, ಬಂದವರು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡನಾಡಿನ ಹರವನ್ನು ಹೇಳಬೇಕಾಗಿ ಬಂದಾಗ ಯಾವ ಅರಸನ ಕೋಟೆಯನ್ನೂ ಹೆಸರಿಸದೆ ಕಾವೇರಿ, ಗೋದಾವರಿ ಎಂಬ ಎರಡು ನದಿಗಳನ್ನು ಹೆಸರಿಸಿತು. ಅರಸರ ಗಡಿ ಅಳಿಸಿಹೋಗುತ್ತದೆ. ಹೊಳೆಯ ಗಡಿಯನ್ನು ಯಾರೂ ಮರೆಯಲಾರರು ಎಂಬುದು ಆ ಕಾಲದವರಿಗೂ ಗೊತ್ತಿತ್ತು.

ಎಲ್ಲೆಯೆಂದರೆ ಇಲ್ಲಿ ಬರಿಯ ತಡೆಯಲ್ಲ ಎಂಬುದನ್ನೂ ಗಮನಿಸಬೇಕು. ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದ ಬೆಟ್ಟವನ್ನು ನೆನೆಯಿರಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಅಲ್ಲಿಯೇ ಹುಟ್ಟುತ್ತವೆಂದು ಪ್ರತೀತಿ. ತುಂಗೆ ಭದ್ರೆಗಳು ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಸೇರಿ, ಮೂಡಣದ ಬಂಗಾಳ ಕೊಲ್ಲಿಗೆ ಹೋಗುತ್ತವೆ. ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಸಕಲೇಶಪುರ ತಾಲ್ಲೂಕಿನ ಬಿಸಿಲೆಯ ಬಳಿ ನೀರು ಹೀಗೆ ಎರಡಾಗುವ ಏಣನ್ನು ಗುರುತಿಸಿ ಒಂದು ಕಲ್ಲನ್ನೇ ನೆಟ್ಟಿದ್ದಾರೆ. ಅದರ ಒಂದು ಮಗ್ಗುಲಿಗೆ ಬಿದ್ದ ಹನಿಗೆ ಒಂದು ಕಡಲು, ಇನ್ನೊಂದು ಮಗ್ಗುಲಿಗೆ ಬಿದ್ದ ಹನಿಗೆ ಇನ್ನೊಂದು ಕಡಲು. ಅಂಥ ಕಡೆ ಬದುಕುವವನಿಗೆ ದಿಕ್ಕೆಂದರೆ ಪುಸ್ತಕದ ಪಾಠವಲ್ಲ. ಕಾಲಿನ ಕೆಳಗೆ ನೆಲ ವಾಲುವುದೇ ಅವನ ದಿಕ್ಕು.

ಇದು ನಮ್ಮ ನಾಡಿಗೆ ಮಾತ್ರ ಸಂಬಂಧಿಸಿದ್ದಲ್ಲ. ಹವಾಯಿ ದ್ವೀಪಗಳಲ್ಲಿ ದಾರಿ ಹೇಳುವವರು ಇಂದಿಗೂ ‘ಮೌಕಾ’, ‘ಮಕಾಯ್’ ಎನ್ನುತ್ತಾರೆ: ಬೆಟ್ಟದ ಕಡೆ, ಕಡಲ ಕಡೆ. ಬಾಲಿ ದ್ವೀಪದಲ್ಲಿ ಬೆಟ್ಟದ ಕಡೆಗೆ ‘ಕಜಾ’, ಕಡಲ ಕಡೆಗೆ ‘ಕೆಲೋದ್’. ಬೆಟ್ಟವು ದ್ವೀಪದ ನಡುವೆ ಇರುವುದರಿಂದ ತೆಂಕಣ ಬಾಲಿಯವನಿಗೆ ಕಜಾ ಎಂದರೆ ಬಡಗಣ, ಬಡಗಣ ಬಾಲಿಯವನಿಗೆ ಅದೇ ಕಜಾ ತೆಂಕಣ. ನಮಗೆ ಗೋಜಲು, ಅವರಿಗಿಲ್ಲ. ದೇವರ ಗುಡಿ, ಮಲಗುವ ತಲೆದೆಸೆ ಎಲ್ಲವೂ ಬೆಟ್ಟವನ್ನು ನೋಡಿಯೇ ಗೊತ್ತಾಗುತ್ತವೆ.

ಕಾಲಿನ್ ಮೆಕ್‌ಫೀ ಎಂಬ ಸಂಗೀತಜ್ಞರು ೧೯೩೦ರ ದಶಕದಲ್ಲಿ ಬಾಲಿಯಲ್ಲಿ ನೆಲೆಸಿದ್ದರು. ನಾಟ್ಯದಲ್ಲಿ ಬಹಳ ಜಾಣನಾದ ಒಬ್ಬ ಹುಡುಗನನ್ನು ಅವರು ಬೇರೆ ಊರಿನ ಗುರುವಿನ ಬಳಿ ಬಿಟ್ಟುಬಂದರು. ಕೆಲವು ದಿನಗಳ ಮೇಲೆ ಹೋಗಿ ನೋಡಿದರೆ ಹುಡುಗ ಕುಗ್ಗಿಹೋಗಿದ್ದ. ಗುರುವಿಗೆ ಬೇಸರ ಹತ್ತಿತ್ತು. ಕಾರಣವೇನೆಂದರೆ, ಅಲ್ಲಿ ಗುರು ‘ಬೆಟ್ಟದ ಕಡೆಗೆ ಮೂರು ಹೆಜ್ಜೆ ಇಡು’, ‘ಮೂಡಣಕ್ಕೆ ಬಾಗು’ ಎಂದು ಹೇಳಿಕೊಡುತ್ತಿದ್ದರು. ಹುಡುಗನು ತನ್ನ ಊರನ್ನು ಅದುವರೆಗೆ ಬಿಟ್ಟವನಲ್ಲ. ಹೊಸ ಊರಿನಲ್ಲಿ ಬೆಟ್ಟ ಯಾವ ಕಡೆ ಎಂಬುದೇ ಅವನಿಗೆ ಹತ್ತಲಿಲ್ಲ. ಎಷ್ಟು ಬಾರಿ ತೋರಿಸಿದರೂ ನಿಲ್ಲಲಿಲ್ಲ. ಕಾಲು ಅದೇ ಕಾಲು, ತಾಳ ಅದೇ ತಾಳ. ಆದರೆ ದಿಕ್ಕು ತಪ್ಪಿದ ಮೇಲೆ ಹೆಜ್ಜೆಯೂ ತಪ್ಪಿತು. ‘ದಿಕ್ಕಿಲ್ಲದವನು’ ಎಂಬ ನಮ್ಮ ಮಾತಿನ ಎರಡು ಅರ್ಥಗಳೂ ಆ ಹುಡುಗನಲ್ಲಿ ಕೂಡಿದ್ದವು.

ಹಾಗಾದರೆ ನೆಲವು ಮಾತನ್ನು ಮಾತ್ರ ತಿದ್ದುತ್ತದೆಯೊ, ಯೋಚನೆಯನ್ನೂ ತಿದ್ದುತ್ತದೆಯೊ? ಇದನ್ನು ಪರೀಕ್ಷಿಸಲು ವಿದ್ವಾಂಸರು ಒಂದು ಸುಲಭವಾದ ಆಟವನ್ನು ಕಟ್ಟಿದರು. ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಒಂದು ಮೇಜಿನ ಮೇಲೆ ಎಡದಿಂದ ಬಲಕ್ಕೆ ಒಂದು ಲೋಟ, ಒಂದು ಚಮಚ, ಒಂದು ಬೆಂಕಿಪೆಟ್ಟಿಗೆ ಇಡಿ. ಮನೆಯವರಲ್ಲಿ ಒಬ್ಬರಿಗೆ ಅದನ್ನು ಚೆನ್ನಾಗಿ ನೋಡಿಕೊಳ್ಳಲು ಹೇಳಿ. ಆಮೇಲೆ ಅವರು ಹಿಂದಕ್ಕೆ ಪೂರ್ತಿಯಾಗಿ ತಿರುಗಿ, ಬೆನ್ನ ಹಿಂದೆ ಇದ್ದ ಇನ್ನೊಂದು ಮೇಜಿನ ಮೇಲೆ ಅವನ್ನು ‘ಇದ್ದ ಹಾಗೆಯೇ’ ಜೋಡಿಸಲಿ. ಲೋಟವನ್ನು ಮತ್ತೆ ತಮ್ಮ ಎಡಗೈ ಕಡೆಗೆ ಇಟ್ಟರೆ ಅವರು ತಮ್ಮ ಮೈಯನ್ನು ಅಳತೆಗೋಲು ಮಾಡಿಕೊಂಡವರು. ಲೋಟವು ಮೊದಲು ಮೂಡಣಕ್ಕಿದ್ದರೆ ಈಗಲೂ ಮೂಡಣಕ್ಕೇ ಇರಬೇಕೆಂದು ಬಲಗೈ ಕಡೆಗೆ ಇಟ್ಟರೆ ಅವರು ನೆಲವನ್ನು ಅಳತೆಗೋಲು ಮಾಡಿಕೊಂಡವರು.

ಪೆನಲೋಪಿ ಬ್ರೌನ್, ಸ್ಟೀಫನ್ ಲೆವಿನ್‌ಸನ್ ಎಂಬ ವಿದ್ವಾಂಸರು ಮೆಕ್ಸಿಕೋ ದೇಶದ ತೆನೆಹಾಪ ಎಂಬ ಬೆಟ್ಟದ ಸೀಮೆಯಲ್ಲಿ, ಮಾಯಾ ವಂಶದ ಜನರಲ್ಲಿ, ಇಂಥ ಪರೀಕ್ಷೆ ಮಾಡಿ ೧೯೯೩ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಆ ಸೀಮೆ ತೆಂಕಣದಲ್ಲಿ ಎತ್ತರ, ಬಡಗಣಕ್ಕೆ ಇಳಿಜಾರು. ಅಲ್ಲಿನವರು ಸಮನಾದ ನೆಲದ ಮೇಲೆ, ಮನೆಯೊಳಗೆ ಕೂಡ, ‘ಕುರ್ಚಿಯ ಮೇಲ್ಮಗ್ಗುಲಿಗೆ ಸೀಸೆ ಇದೆ’ ಎಂದೇ ಮಾತಾಡುತ್ತಾರೆ. ಮೇಜಿನ ಆಟದಲ್ಲಿ ಹಾಲೆಂಡಿನವರು ಎಡಬಲವನ್ನು ಉಳಿಸಿಕೊಂಡರು; ಇವರಲ್ಲಿ ಹೆಚ್ಚಿನವರು ಬೆಟ್ಟದ ಇಳಿಜಾರನ್ನು ಉಳಿಸಿಕೊಂಡರು. ಭಾಷೆಯೇ ಯೋಚನೆಯನ್ನು ಹೀಗೆ ತಿದ್ದಿದೆ ಎಂದು ಅವರು ವಾದಿಸಿದರು. ೨೦೦೨ರಲ್ಲಿ ಪೆಗ್ಗಿ ಲೀ ಮತ್ತು ಲೈಲಾ ಗ್ಲೈಟ್‌ಮನ್ ಎಂಬ ಅಮೆರಿಕದ ವಿದುಷಿಯರು ಇದನ್ನು ಒಪ್ಪಲಿಲ್ಲ. ಅಮೆರಿಕದ ವಿದ್ಯಾರ್ಥಿಗಳಿಗೂ ಎದ್ದುಕಾಣುವ ಗುರುತೊಂದನ್ನು ಕೊಟ್ಟರೆ ಅವರ ಉತ್ತರವೂ ಬದಲಾಗುತ್ತದೆ, ಆದ್ದರಿಂದ ತಿದ್ದುವುದು ಭಾಷೆಯಲ್ಲ, ಸುತ್ತಣ ನೋಟ ಎಂಬುದು ಅವರ ವಾದ. ಈ ಜಗಳ ಇನ್ನೂ ತೀರಿಲ್ಲ. ನಮ್ಮ ಕೆಲಸಕ್ಕೆ ಅದು ತೀರಬೇಕಾಗಿಯೂ ಇಲ್ಲ. ಬೆಟ್ಟ ಮಾತಿನ ಮೂಲಕ ಮನಸ್ಸನ್ನು ಮುಟ್ಟಿತೊ, ನೇರವಾಗಿ ಮುಟ್ಟಿತೊ, ಮುಟ್ಟಿದ್ದಂತೂ ಬೆಟ್ಟವೇ.

ಎಲ್ಲೆಯ ಗುರುತೇ ಇಲ್ಲದಿದ್ದರೆ ಏನಾಗುತ್ತದೆ? ಕಾಡಿನಲ್ಲಿ ದಾರಿ ತಪ್ಪಿದವನು ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತಾನೆ ಎಂದು ಹಳಬರು ಹೇಳುತ್ತಿದ್ದರು. ೨೦೦೯ರಲ್ಲಿ ಯಾನ್ ಸೌಮನ್ ಮತ್ತು ಅವರ ಜೊತೆಯವರು ಜರ್ಮನಿಯ ಒಂದು ದೊಡ್ಡ ಕಾಡಿನಲ್ಲಿ ಜನರನ್ನು ಗಂಟೆಗಟ್ಟಲೆ ನಡೆಸಿ ಇದನ್ನು ಪರೀಕ್ಷಿಸಿದರು. ಸೂರ್ಯ ಕಾಣುತ್ತಿದ್ದಾಗ ನಡೆದವರು ಹೆಚ್ಚುಕಡಿಮೆ ನೇರವಾಗಿ ಹೋದರು. ಮೋಡ ಮುಚ್ಚಿದ ದಿನ ನಡೆದವರು ನೇರವಾಗಿ ಹೋಗುತ್ತಿದ್ದೇವೆಂದು ನಂಬಿಕೊಂಡೇ ಸುತ್ತು ಹೊಡೆದು ತಮ್ಮ ಹೆಜ್ಜೆಯನ್ನೇ ಅಡ್ಡ ದಾಟಿದರು. ನಮ್ಮೊಳಗೆ ತಪ್ಪದ ದಿಕ್ಸೂಚಿಯೊಂದಿದೆ ಎಂಬುದು ಭ್ರಮೆ. ಹೊರಗಿನ ಗುರುತು ಒಳಗಿನ ಲೆಕ್ಕವನ್ನು ಆಗಾಗ ತಿದ್ದುತ್ತಿರಬೇಕು.

ಆ ಗುರುತುಗಳಲ್ಲಿ ಎಲ್ಲೆಗೆ ಮೊದಲ ಮರ್ಯಾದೆ ಎಂಬುದು ಇನ್ನೊಂದು ದಾರಿಯಿಂದ ತಿಳಿದುಬಂದಿದೆ. ಕೆನ್ ಚೆಂಗ್ ಎಂಬವರು ೧೯೮೬ರಲ್ಲಿ ಇಲಿಗಳನ್ನು ಉದ್ದಚೌಕದ ಪೆಟ್ಟಿಗೆಯೊಂದರಲ್ಲಿ ಬಿಟ್ಟು, ಒಂದು ಮೂಲೆಯಲ್ಲಿ ಆಹಾರ ತೋರಿಸಿ, ಆಮೇಲೆ ದಿಕ್ಕು ತಪ್ಪಿಸಿ ನೋಡಿದರು. ಇಲಿಗಳು ಆ ಮೂಲೆಯಲ್ಲಿಯೂ ಅದಕ್ಕೆ ಕರ್ಣದ ಎದುರು ಮೂಲೆಯಲ್ಲಿಯೂ ಸರಿಸಮನಾಗಿ ಹುಡುಕಿದವು. ಎರಡು ಮೂಲೆಗಳ ಆಕಾರ ಒಂದೇ ಅಲ್ಲವೆ? ಗೋಡೆಗೆ ಬೇರೆ ಬಣ್ಣವಿದ್ದರೂ ಅವು ಲೆಕ್ಕಿಸಲಿಲ್ಲ. ಗೋಡೆಗಳ ಆಕಾರವನ್ನಷ್ಟೇ ನಂಬಿದವು. ೧೯೯೪ರಲ್ಲಿ ಇದೇ ಪರೀಕ್ಷೆಯನ್ನು ಒಂದೂವರೆ ಎರಡು ವರ್ಷದ ಮಕ್ಕಳ ಮೇಲೆ ಮಾಡಿದಾಗ ಮಕ್ಕಳೂ ಹಾಗೆಯೇ ನಡೆದುಕೊಂಡರು. ಎಲ್ಲೆಯ ಆಕಾರವನ್ನು ಹಿಡಿಯುವ ಶಕ್ತಿ ಮಾತಿಗಿಂತ ಮೊದಲೇ ಬಂದದ್ದು.

ಅದರ ನೆಲೆ ಮೆದುಳಿನಲ್ಲಿಯೇ ಇದೆ. ಇಂತಿಂಥ ಜಾಗದಲ್ಲಿದ್ದಾಗ ಮಾತ್ರ ಎಚ್ಚರಗೊಳ್ಳುವ ಜೀವಕೋಶಗಳು ಇಲಿಯ ಮೆದುಳಿನಲ್ಲಿವೆ ಎಂದು ಜಾನ್ ಓಕೀಫ್ ೧೯೭೧ರಲ್ಲಿ ತೋರಿಸಿದರು. ಪೆಟ್ಟಿಗೆಯ ಗೋಡೆಗಳನ್ನು ದೂರ ಸರಿಸಿದರೆ ಆ ಕೋಶಗಳು ಗುರುತಿಸುವ ಜಾಗವೂ ಅದರಂತೆ ಹಿಗ್ಗುತ್ತದೆ ಎಂದು ೧೯೯೬ರಲ್ಲಿ ಅವರೂ ನೀಲ್ ಬರ್ಗೆಸ್ ಅವರೂ ಕಂಡರು. ೨೦೦೮ರಲ್ಲಿ ನಾರ್ವೆಯ ಮೋಸರ್ ದಂಪತಿಗಳ ಪ್ರಯೋಗಶಾಲೆಯವರು ಗೋಡೆ ಅಥವಾ ಅಂಚಿನ ಹತ್ತಿರ ಹೋದಾಗಲೇ ಎಚ್ಚರಗೊಳ್ಳುವ ಕೋಶಗಳನ್ನು ಗುರುತಿಸಿದರು. ಅವಕ್ಕೆ ‘ಗಡಿಕೋಶ’ಗಳೆಂದು ಹೆಸರಿಡಬಹುದು. ಸ್ಥಳದ ಅರಿವಿನ ಸಂಶೋಧನೆಗಾಗಿ ಓಕೀಫ್ ಅವರಿಗೂ ಮೋಸರ್ ದಂಪತಿಗಳಿಗೂ ೨೦೧೪ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಎಲ್ಲೆಯ ಹೆಸರೇ ನಾಡಿನ ಹೆಸರಾದದ್ದು ಕನ್ನಡದಲ್ಲಿ ಆಕಸ್ಮಿಕವಿರಬಹುದು. ಆದರೆ ಮನಸ್ಸು ಜಾಗವನ್ನು ಕಟ್ಟಿಕೊಳ್ಳುವುದು ಅಂಚಿನಿಂದಲೇ ಎಂಬುದು ಆಕಸ್ಮಿಕವಲ್ಲ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವುಂಟು. ನಮ್ಮ ಪಟ್ಟಣದ ಮಕ್ಕಳನ್ನು ಒಮ್ಮೆ ಕೇಳಿ ನೋಡಿ: ಉತ್ತರ ಯಾವ ಕಡೆ? ಹಲವರು ಕೈಯನ್ನು ಮೇಲಕ್ಕೆತ್ತಿ ಸೂರಿನ ಕಡೆಗೆ ತೋರಿಸುತ್ತಾರೆ. ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಹಿಮಾಲಯವು ಮೇಲಿದೆ, ಕನ್ಯಾಕುಮಾರಿ ಕೆಳಗಿದೆ. ಅವರು ಕಲಿತ ದಿಕ್ಕು ಅದು. ಪಟದಲ್ಲಿ ಸರಿಯಾದದ್ದು ನೆಲದ ಮೇಲೆ ಅರ್ಥವಿಲ್ಲದ್ದಾಗುತ್ತದೆ. ಇದಕ್ಕೆ ಉಪಾಯ ಸುಲಭ. ಭೂಪಟವನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸಬೇಕು. ಪಟದ ಉತ್ತರವನ್ನು ನಿಜವಾದ ಬಡಗಣಕ್ಕೆ ತಿರುಗಿಸಬೇಕು. ಮಕ್ಕಳನ್ನು ಅದರ ಸುತ್ತ ನಿಲ್ಲಿಸಿ ‘ಅಗೋ ಆ ಕಿಟಕಿಯ ಆಚೆಗೆ ಹೋಗುತ್ತಾ ಹೋದರೆ ಕಡಲು’ ಎನ್ನಬೇಕು. ಆಗ ಮಂಗಳೂರು ಪುಸ್ತಕದಲ್ಲಿ ಇರುವುದನ್ನು ಬಿಟ್ಟು ಒಂದು ಕಡೆಯಲ್ಲಿ ಇರತೊಡಗುತ್ತದೆ.

ದೊಡ್ಡವರ ಸ್ಥಿತಿಯೂ ಮೇಲೇನಲ್ಲ. ಕೈಯಲ್ಲಿರುವ ಮೊಬೈಲು ‘ಬಲಕ್ಕೆ ತಿರುಗು, ಎಡಕ್ಕೆ ತಿರುಗು’ ಎನ್ನುತ್ತದೆ. ನಾವು ತಿರುಗಿದಂತೆಲ್ಲ ಅದರ ಪಟವೂ ತಿರುಗುತ್ತದೆ. ಊರು ಮುಟ್ಟುವುದೇನೋ ನಿಜ. ದಾರಿ ಮನಸ್ಸಿಗೆ ಹತ್ತುವುದಿಲ್ಲ. ಇಂಥ ಯಂತ್ರವನ್ನು ಹೆಚ್ಚಾಗಿ ನೆಚ್ಚಿದವರಲ್ಲಿ ಸ್ಥಳದ ನೆನಪು ಕುಂದಿರುವುದನ್ನು ೨೦೨೦ರಲ್ಲಿ ಕೆನಡದ ಇಬ್ಬರು ಸಂಶೋಧಕಿಯರು ವರದಿ ಮಾಡಿದರು. ಯಂತ್ರವನ್ನು ಬಿಸಾಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ದಾರಿಯನ್ನು ಅದು ಹೇಳಲಿ, ದಿಕ್ಕನ್ನು ನಾವು ತಿಳಿದಿರೋಣ.

ದಿಕ್ಕು ತಿಳಿಯದಿದ್ದರೆ ಏನು ಮುಳುಗಿಹೋಗುತ್ತದೆ ಎಂದು ಕೇಳುವವರುಂಟು. ಕೆಲವು ಕಡೆ ಮನೆಗಳೇ ಮುಳುಗಿವೆ. ಬೆಂಗಳೂರನ್ನೇ ನೋಡಿ. ಆ ನಗರವಿರುವುದು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದ ಒಂದು ದಿಬ್ಬದ ಬೆನ್ನಿನ ಮೇಲೆ. ಬೆನ್ನಿನ ಪಡುವಣ ಮಗ್ಗುಲಿನ ನೀರು ವೃಷಭಾವತಿಯಲ್ಲಿ ಹರಿದು, ಅರ್ಕಾವತಿಗೆ ಸೇರಿ, ಕಾವೇರಿಯನ್ನು ಮುಟ್ಟುತ್ತದೆ. ಮೂಡಣ ಮಗ್ಗುಲಿನ ನೀರು ಹೆಬ್ಬಾಳ, ಕೋರಮಂಗಲ, ಚಲ್ಲಘಟ್ಟದ ಕಣಿವೆಗಳಲ್ಲಿ ಇಳಿದು, ಬೆಳ್ಳಂದೂರು, ವರ್ತೂರಿನಂಥ ಕೆರೆಗಳನ್ನು ತುಂಬಿ, ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಕೆರೆ ಕಟ್ಟಿದವರಿಗೆ ಇದು ಅಂಗೈ ಗೆರೆಯಷ್ಟು ಸ್ಪಷ್ಟವಾಗಿತ್ತು. ಒಂದು ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಅದರ ಕೆಳಗಿನದಕ್ಕೆ, ಹೀಗೆ ಸಾಲಾಗಿ ಕಟ್ಟಿಕೊಂಡು ಹೋದರು. ಅವರ ಲೆಕ್ಕದಲ್ಲಿ ಊರಿಗೆ ಮೇಲು ಕೆಳಗು ಎಂಬುದಿತ್ತು. ಆಮೇಲೆ ಬಂದವರ ಲೆಕ್ಕದಲ್ಲಿ ನಿವೇಶನದ ಉದ್ದಗಲ ಮಾತ್ರ ಉಳಿಯಿತು. ರಾಜಕಾಲುವೆಗಳು ಕಿರಿದಾದವು, ಕೆರೆಯ ಅಂಗಳಗಳು ಬಡಾವಣೆಗಳಾದವು. ೨೦೨೨ರ ಸೆಪ್ಟೆಂಬರಿನಲ್ಲಿ ಮಳೆ ಬಿದ್ದಾಗ ನೀರು ತನ್ನ ಹಳೆಯ ದಾರಿಯನ್ನು ಮರೆತಿರಲಿಲ್ಲ. ಬೆಳ್ಳಂದೂರಿನ ಸುತ್ತಮುತ್ತಲ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರುಗಳಲ್ಲಿ ಹೊರಕ್ಕೆ ಸಾಗಿಸಬೇಕಾಯಿತು. ತಮ್ಮ ಮನೆ ಕಣಿವೆಯ ತಳದಲ್ಲಿದೆ ಎಂಬುದು ಅಲ್ಲಿದ್ದ ಎಷ್ಟೋ ಮಂದಿಗೆ ಆ ದಿನ ತಿಳಿದಿರಬೇಕು.

ಆದ್ದರಿಂದ ದಿಕ್ಕಿನ ಅರಿವು ಪಂಡಿತರ ಪದವಿಚಾರವೂ ಅಲ್ಲ, ವಾಸ್ತು ನೋಡುವವರ ಸ್ವತ್ತೂ ಅಲ್ಲ. ಮನೆಯ ಬಾಗಿಲು ಯಾವ ದಿಕ್ಕಿಗೆ ಎಂದು ನಾವು ನಾಲ್ಕು ಜನರನ್ನು ಕೇಳುತ್ತೇವೆ. ಮನೆಯ ಮುಂದಿನ ನೀರು ಯಾವ ದಿಕ್ಕಿಗೆ ಎಂದು ಒಬ್ಬರನ್ನೂ ಕೇಳುವುದಿಲ್ಲ. ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಹಿರಿದು.

ಹಳ್ಳಿಯ ಮನೆಗಳಲ್ಲಿ ಅಜ್ಜಿಯರು ‘ತೆಂಕಲ ಗೋಡೆಯ ಗೂಡಿನಲ್ಲಿ ದೀಪ ಇದೆ, ತಾ’ ಎನ್ನುತ್ತಿದ್ದುದನ್ನು ಕೇಳಿದವರು ಇನ್ನೂ ನಮ್ಮಲ್ಲಿದ್ದಾರೆ. ಆ ಒಂದು ಮಾತಿನಲ್ಲಿ ಮಗುವಿಗೆ ದೀಪವೂ ಸಿಕ್ಕುತ್ತಿತ್ತು, ದಿಕ್ಕೂ ಸಿಕ್ಕುತ್ತಿತ್ತು. ಪಟ್ಟಣದ ಮನೆಯಲ್ಲಿ ಇದನ್ನು ಮತ್ತೆ ತೊಡಗುವುದಕ್ಕೆ ಖರ್ಚೇನೂ ಇಲ್ಲ. ಮಳೆ ನಿಂತ ಮೇಲೆ ಮಗುವನ್ನು ಕರೆದುಕೊಂಡು ಬೀದಿಗೆ ಇಳಿಯಿರಿ. ನೀರು ಯಾವ ಕಡೆಗೆ ಹರಿಯುತ್ತಿದೆ ನೋಡಿ. ಅದು ಯಾವ ಮೋರಿಗೆ, ಮೋರಿ ಯಾವ ಕಾಲುವೆಗೆ, ಕಾಲುವೆ ಯಾವ ಕೆರೆಗೆ ಅಥವಾ ಹೊಳೆಗೆ, ಹೊಳೆ ಯಾವ ಕಡಲಿಗೆ ಎಂದು ಕೇಳುತ್ತಾ ಹೋಗಿ. ಎಲ್ಲಕ್ಕೂ ಉತ್ತರ ಒಂದೇ ದಿನ ಸಿಕ್ಕಬೇಕಾಗಿಲ್ಲ. ಹುಡುಕಿ ತಿಳಿದ ಮಗುವಿಗೆ ತಾನಿರುವ ಬೀದಿಯಿಂದ ಕಡಲಿನವರೆಗೆ ಒಂದು ಗೆರೆ ಕಾಣುತ್ತದೆ. ಆ ಗೆರೆಯ ಎರಡು ಮಗ್ಗುಲಿಗೆ ಮೂಡಲು ಪಡುವಲುಗಳು ತಾವಾಗಿಯೇ ಬಂದು ನಿಲ್ಲುತ್ತವೆ.